ಲಾರಿ ಸುತ್ತ ನಿಂತವರು

ನಮ್ಮ ಸಿಂಧನೂರು ಕಡೆ ಹೈಸ್ಕೂಲುಗಳಲ್ಲಿ ಯಾವ ಮಾಸ್ತರರು ಸ್ವಲ್ಪ ಬಿಗಿ ಇರುತ್ತಾರೋ ಅವರಿಗೆ ಮಕ್ಕಳು ಹಿಟ್ಲರ್ ಅಂತ ಹೆಸರಿಡುತ್ತಾರೆ. ಅದರಲ್ಲಿ ಸಿಟ್ಟು ಅಷ್ಟೇನೂ ಇರುವುದಿಲ್ಲ, ಒಂದು ನಮೂನಿ ಮೆಚ್ಚುಗೆಯೇ ಇರುತ್ತದೆ. "ಈ ದೇಶಕ್ಕ ಹಿಟ್ಲರ್‌ನಂಥವನ ಬರ್ಬೇಕ್ರಿ ಮೇಡಂ, ಎಲ್ಲಾರೂ ಲೈನಿಗೆ ಬರ್ತಾರ" ಎನ್ನುವ ಮಾತನ್ನು ಹತ್ತನೇ ತರಗತಿಯ ಹುಡುಗರಿಂದ ಕೇಳಿದ್ದೇನೆ, ಚಹಾದಂಗಡಿಯಲ್ಲಿ ಕೂತ ದೊಡ್ಡವರಿಂದಲೂ ಕೇಳಿದ್ದೇನೆ. ಬಸ್ ನಿಲ್ದಾಣದ ಪುಸ್ತಕದಂಗಡಿಯಲ್ಲಿ ವ್ಯಕ್ತಿತ್ವ ವಿಕಸನದ ಪುಸ್ತಕಗಳ ಪಕ್ಕದಲ್ಲೇ ಅವನ ಆತ್ಮಕಥೆ ಇಟ್ಟಿರುತ್ತಾರೆ. ಹೀಗಾಗಿ ನಾಜಿವಾದದ ಪಾಠ ತೆಗೆದಾಗ ಎದುರು ಕೂತ ಮಕ್ಕಳಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುವಂತಿಲ್ಲ. ಹಿಟ್ಲರ್ ಅವರಿಗೆ ಗೊತ್ತು. ಗೊತ್ತಿಲ್ಲದವರು ಯಹೂದಿಗಳು. ಅವರಿಗಿಂತಲೂ ಗೊತ್ತಿಲ್ಲದವರು ಆ ಯಹೂದಿಗಳ ಆಚೀಚೆ ಮನೆಯವರು.

ನಾನು ಸಮಾಜ ವಿಜ್ಞಾನ ಹೇಳುವುದು ಸಿಂಧನೂರು ತಾಲ್ಲೂಕಿನ ಒಂದು ಸರಕಾರಿ ಪ್ರೌಢಶಾಲೆಯಲ್ಲಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಂಡ ಊರು, ಸುತ್ತ ಭತ್ತದ ಗದ್ದೆ. ಒಂದೇ ಕೋಣೆಯಲ್ಲಿ ಗೌಡರ ಮನೆಯ ಹುಡುಗ, ಕೇರಿಯ ಹುಡುಗ, ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರ ಮಗಳು, ಪೂರ್ವ ಬಂಗಾಳದಿಂದ ನಿರಾಶ್ರಿತರಾಗಿ ಬಂದು ಆರ್.ಎಚ್. ಕ್ಯಾಂಪಿನಲ್ಲಿ ನೆಲೆಸಿದವರ ಮೊಮ್ಮಗ, ಎಲ್ಲರೂ ಇರುತ್ತಾರೆ. ಪಠ್ಯಪುಸ್ತಕದಲ್ಲಿ ನಾಜಿವಾದಕ್ಕೆ ಸಿಕ್ಕಿರುವ ಜಾಗ ಸಣ್ಣದು. ಒಂದೇ ಪೀರಿಯಡ್‌ನಲ್ಲಿ ಮುಗಿಸಿಬಿಡಬಹುದು: ಹಿಟ್ಲರ್ ಬಂದ, ಯಹೂದಿಗಳನ್ನು ಕೊಂದ, ಯುದ್ಧ ಸೋತ, ಗುಂಡು ಹಾರಿಸಿಕೊಂಡು ಸತ್ತ. ಹಾಗೆ ಹೇಳಿದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಒಬ್ಬ ದುಷ್ಟ ಮಾತ್ರ. ಒಬ್ಬನೇ ದುಷ್ಟ 60 ಲಕ್ಷ ಜನರನ್ನು ಕೊಲ್ಲಲಾರ.

60 ಲಕ್ಷ ಎಂದರೆ ಎಷ್ಟು ಎಂಬುದನ್ನೂ ಮಕ್ಕಳಿಂದಲೇ ಕೂಡಿಸುತ್ತೇನೆ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯಲ್ಲಿ 19 ಲಕ್ಷ ಚಿಲ್ಲರೆ, ಕೊಪ್ಪಳದಲ್ಲಿ ಹತ್ತಿರ ಹತ್ತಿರ 14 ಲಕ್ಷ, ಆಗಿನ್ನೂ ಒಡೆಯದಿದ್ದ ಬಳ್ಳಾರಿ ಜಿಲ್ಲೆಯಲ್ಲಿ 24 ಲಕ್ಷದ ಮೇಲೆ. ಮೂರೂ ಜಿಲ್ಲೆಯ ಕೂಸು ಮುದುಕರನ್ನೆಲ್ಲ ಕೂಡಿಸಿದರೂ 58 ಲಕ್ಷ ದಾಟುವುದಿಲ್ಲ. ಕೊಲೆಯಾದ ಯಹೂದಿಗಳಲ್ಲಿ ಸುಮಾರು 15 ಲಕ್ಷ ಮಕ್ಕಳು. ಇದಲ್ಲದೆ ಯುರೋಪಿನ ರೋಮಾ (ಜಿಪ್ಸಿ) ಜನ, ಅಂಗವಿಕಲರು, ಇನ್ನೂ ಎಷ್ಟೋ ಮಂದಿ. ಲೆಕ್ಕ ಬೋರ್ಡಿನ ಮೇಲೆ ಬಂದಾಗ ಕೋಣೆ ಸುಮ್ಮನಾಗುತ್ತದೆ ನಿಜ. ಆದರೆ ಸಂಖ್ಯೆಯಿಂದ ಹುಟ್ಟುವ ಮೌನ ಬಹಳ ಹೊತ್ತು ಇರುವುದಿಲ್ಲ, ಅದಕ್ಕೇ ನಾನು ಅಲ್ಲಿ ನಿಲ್ಲುವುದಿಲ್ಲ. ಸಾವಿನ ಶಿಬಿರಗಳ ಹೆಣದ ರಾಶಿಯ ಚಿತ್ರಗಳನ್ನು ತೋರಿಸುವುದೂ ಇಲ್ಲ. ಹದಿನೈದು ವರ್ಷದ ಮಕ್ಕಳಿಗೆ ಅದು ಒಂದು ಭಯ ಕೊಡುತ್ತದೆ, ತಿಳಿವಳಿಕೆ ಕೊಡುವುದಿಲ್ಲ. ಸತ್ತವರ ಮರ್ಯಾದೆಯ ಪ್ರಶ್ನೆಯೂ ಇದೆ.

ನಾನು ತೋರಿಸುವುದು ಒಂದು ಸಣ್ಣ ಊರಿನ ಫೋಟೊಗಳನ್ನು. ಜರ್ಮನಿಯ ನೈಋತ್ಯ ಮೂಲೆಯಲ್ಲಿ, ಸ್ವಿಟ್ಜರ್ಲೆಂಡ್ ಗಡಿಗೆ ಹತ್ತಿಕೊಂಡಿರುವ ಲೊರ್ರಾಖ್. 1940ರ ಅಕ್ಟೋಬರ್ 22. ಅವತ್ತು ಆ ಸೀಮೆಯ ಸುಮಾರು 6,500 ಯಹೂದಿಗಳನ್ನು ಒಂದೇ ಸಲಕ್ಕೆ ಹಿಡಿದು ಫ್ರಾನ್ಸ್‌ನ ದಕ್ಷಿಣದಲ್ಲಿದ್ದ ಗೂರ್ಸ್ ಶಿಬಿರಕ್ಕೆ ಸಾಗಿಸಿದರು. ಗಂಟುಮೂಟೆ ಕಟ್ಟಲು ಸಿಕ್ಕಿದ್ದು ಹೆಚ್ಚೆಂದರೆ ಒಂದೆರಡು ತಾಸು. ಒಯ್ಯಬಹುದಾಗಿದ್ದು 50 ಕಿಲೊ ಸಾಮಾನು, 100 ಮಾರ್ಕ್ ರೊಕ್ಕ. ಅವರಲ್ಲಿ ಬಹಳ ಮಂದಿಯನ್ನು 1942ರಿಂದ ಅಲ್ಲಿಂದ ಆಶ್‌ವಿಟ್ಸ್ ಎಂಬ ಸಾವಿನ ಶಿಬಿರಕ್ಕೆ ಒಯ್ದರು. ಲೊರ್ರಾಖ್‌ನಲ್ಲಿ ನಡೆದದ್ದನ್ನು ಪೊಲೀಸರ ಕಡೆಯವರೇ ಫೋಟೊ ತೆಗೆದಿಟ್ಟಿದ್ದರಿಂದ ನಮಗೆ ಇಂದು ನೋಡಲು ಸಿಗುತ್ತದೆ. ಅವನ್ನು ಸಿಂಧನೂರಿನ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಂಡಿದ್ದೇನೆ. ನಾಲ್ಕೈದು ಮಕ್ಕಳ ಗುಂಪಿಗೆ ಒಂದೊಂದು ಪ್ರತಿ ಕೊಟ್ಟು, "ಇದರಾಗ ಯಾರ್ಯಾರು ಏನೇನು ಮಾಡಾಕತ್ತಾರ, ಬರೀರಿ" ಅನ್ನುತ್ತೇನೆ. ಇದು ಯಾವ ಊರು, ಯಾವ ವರ್ಷ ಎಂದು ಆಗ ಹೇಳುವುದಿಲ್ಲ.

ಮಕ್ಕಳು ಮೊದಲು ಲಾರಿ ಬರೆಯುತ್ತಾರೆ. ಲಾರಿ ಹತ್ತುತ್ತಿರುವ ವಯಸ್ಸಾದವರನ್ನು ಬರೆಯುತ್ತಾರೆ. ಆಮೇಲೆ ಪೊಲೀಸರು, ಪೆಟ್ಟಿಗೆಗಳು. ಪಟ್ಟಿ ಮುಗಿಯಿತು ಅನ್ನುವಾಗ ಯಾರಾದರೂ ಒಬ್ಬರಿಗೆ ಸುತ್ತ ನಿಂತ ಮಂದಿ ಕಾಣುತ್ತಾರೆ. ಕಳೆದ ವರ್ಷ ಹಿಂದಿನ ಸಾಲಿನ ಒಂದು ಹುಡುಗಿ ಕೇಳಿದಳು: "ಇವರೂ ಲಾರಿ ಹತ್ತೋರೇನ್ರಿ ಮೇಡಂ?"

"ಇಲ್ಲವ್ವಾ. ನೋಡಾಕ ಬಂದೋರು."

"ಇಷ್ಟು ಮಂದಿ?"

ಆಮೇಲೆ ಇನ್ನೊಂದು ಫೋಟೊ. ಅದೇ ಊರು, ಆಮೇಲಿನದು. ಲಾರಿಯಲ್ಲಿ ಹೋದವರ ಮನೆ ಸಾಮಾನುಗಳ ಲಿಲಾವು. ಬೀದಿ ತುಂಬ ಜನ, ಕತ್ತು ಚಾಚಿ ನೋಡುತ್ತಿದ್ದಾರೆ. ಜರ್ಮನಿಯ ಬೇರೆ ಊರುಗಳಲ್ಲೂ ಇಂಥ ಲಿಲಾವು ನಡೆದವು. ಪಕ್ಕದ ಮನೆಯವರ ಹಾಸಿಗೆ ಹೊದಿಕೆ, ಪಿಂಗಾಣಿ, ಬೀರು, ಮಕ್ಕಳ ಆಟಿಕೆ ಎಲ್ಲ ಸೋವಿಗೆ ಸಿಕ್ಕವು. ಈ ಫೋಟೊ ನೋಡಿ ಅದೇ ಹುಡುಗಿ ಕೇಳಿದ ಪ್ರಶ್ನೆ ನನಗೆ ಯಾವ ತರಬೇತಿಯಲ್ಲೂ ಸಿಕ್ಕಿರಲಿಲ್ಲ: "ಅವ್ರು ವಾಪಸ್ ಬಂದ್ರ ಏನಂತ ಮುಖ ತೋರಸ್ತಾರ್ರಿ ಇವ್ರು?"

ಲಿಲಾವಿಗೆ ಬಂದವರು ಅವರು ವಾಪಸ್ ಬರುವುದಿಲ್ಲ ಎಂದು ಮನಸ್ಸಿನಲ್ಲಿ ಎಣಿಸಿಕೊಂಡೇ ಬಂದಿದ್ದರು. ಗೂರ್ಸ್ ಎಲ್ಲಿದೆ, ಮುಂದೆ ಏನಾಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೆ ಹೋದವರು ತಮ್ಮ ಮನೆಗೆ ತಿರುಗಿ ಬರುವ ಜನರಲ್ಲ ಎಂಬಷ್ಟು ಅಂದಾಜು ಇಲ್ಲದೆ ಅವರ ಚಾದರ ಕೊಳ್ಳಲು ಯಾರೂ ಬರುವುದಿಲ್ಲ. "ನಮಗೇನೂ ಗೊತ್ತಿರಲಿಲ್ಲ" ಎಂದು ಯುದ್ಧದ ನಂತರ ಹೇಳಿದ ಲಕ್ಷಾಂತರ ಜನರ ಮಾತನ್ನು ಆ ಹುಡುಗಿಯ ಪ್ರಶ್ನೆಯ ಪಕ್ಕ ಇಟ್ಟು ನೋಡಬೇಕು ಅನ್ನಿಸುತ್ತದೆ. ಆಗ ಒಬ್ಬ ಹುಡುಗ ಎದ್ದು, ಬ್ಯಾಂಕಿನವರು ಜಪ್ತಿ ಮಾಡಿದ ಟ್ರ್ಯಾಕ್ಟರ್ ಹರಾಜಿಗೆ ಬಂದಾಗ ಅವರ ಊರಿನವರು ಯಾರೂ ಸವಾಲು ಕೂಗಲಿಲ್ಲ, "ಅವರ ಮನಿ ಮುಂದ ಹಾಯ್ದು ಹೋಗ್ಬೇಕಲ್ರಿ ದಿನಾ" ಎಂದ. ಆ ಹುಡುಗನಿಗೆ ನಾನು ಹೊಸದಾಗಿ ಹೇಳಿಕೊಡಬೇಕಾದ್ದು ಏನೂ ಇರಲಿಲ್ಲ.

ಪ್ರತಿ ವರ್ಷ ಬರುವ ಮತ್ತೊಂದು ಪ್ರಶ್ನೆ ಇದೆ, ಸಾಮಾನ್ಯವಾಗಿ ಜಾಣ ಹುಡುಗರಿಂದ. "ಪೊಲೀಸ್ರು ಬಂದೂಕ ಹಿಡ್ದು ನಿಂತಾರ. ಅವರರ ಏನ್ ಮಾಡ್ಬೇಕಿತ್ರಿ?" ಇದು ನ್ಯಾಯವಾದ ಪ್ರಶ್ನೆ. ಇದಕ್ಕೆ ಧೈರ್ಯದ ಬಗ್ಗೆ ಭಾಷಣ ಬಿಗಿದರೆ ಮಕ್ಕಳಿಗೆ ಮೋಸ ಮಾಡಿದಂತೆ. ಆಕ್ರಮಿತ ಪೋಲೆಂಡ್‌ನಲ್ಲಿ ಯಹೂದಿಯನ್ನು ಮನೆಯಲ್ಲಿ ಬಚ್ಚಿಟ್ಟವರಿಗೆ ಮರಣದಂಡನೆ ಇತ್ತು, ಕೆಲವು ಕಡೆ ಇಡೀ ಕುಟುಂಬಕ್ಕೇ. ಮಕ್ಕಳನ್ನು ಕಟ್ಟಿಕೊಂಡ ಒಬ್ಬ ರೈತ ಬಾಗಿಲು ತೆಗೆಯಲಿಲ್ಲ ಎಂದರೆ ಅವನನ್ನು ತೀರ್ಪಿನ ಕಟ್ಟೆಯಲ್ಲಿ ನಿಲ್ಲಿಸಲು ನನಗೆ ಬಾಯಿ ಬರುವುದಿಲ್ಲ.

ಅದಕ್ಕೆ ಬೋರ್ಡಿನ ಮೇಲೆ 1940 ಬರೆದು, ಹಿಂದಕ್ಕೆ ಹೋಗುತ್ತೇನೆ. ಒಂದೊಂದು ವರ್ಷದಲ್ಲೂ ಒಂದೇ ಪ್ರಶ್ನೆ: ಆಗ ಒಬ್ಬ ಸಾಮಾನ್ಯ ಮನುಷ್ಯ ಏನು ಮಾಡಬಹುದಿತ್ತು, ಮಾಡಿದ್ದರೆ ಅವನಿಗೆ ಏನಾಗುತ್ತಿತ್ತು?

1938ರ ನವೆಂಬರ್ 9ರ ರಾತ್ರಿ. ದೇಶದ ತುಂಬ ಯಹೂದಿಗಳ ಪ್ರಾರ್ಥನಾ ಮಂದಿರಗಳಿಗೆ ಬೆಂಕಿ ಹಚ್ಚಿದರು, ಸುಮಾರು 7,500 ಅಂಗಡಿ ಒಡೆದರು, ಸುಮಾರು 30,000 ಗಂಡಸರನ್ನು ಹಿಡಿದು ಶಿಬಿರಕ್ಕೆ ಹಾಕಿದರು. ಬೆಂಕಿ ಆರಿಸುವ ದಳದವರು ಬಂದಿದ್ದರು. ಪಕ್ಕದ ಮನೆಗಳಿಗೆ ಬೆಂಕಿ ಹತ್ತದಂತೆ ನೋಡಿಕೊಳ್ಳಬೇಕು, ಮಂದಿರ ಉರಿಯಲು ಬಿಡಬೇಕು ಎಂದು ಅವರಿಗೆ ಅಪ್ಪಣೆ. ಹಾಗೇ ನಿಂತು ನೋಡಿದರು. 1935ರ ಸೆಪ್ಟೆಂಬರ್: ನ್ಯೂರೆಂಬರ್ಗ್ ಕಾನೂನುಗಳು. ಯಹೂದಿಗಳ ಪೌರತ್ವ ಹೋಯಿತು, ಅವರ ಜೊತೆ ಮದುವೆ ಅಪರಾಧವಾಯಿತು. ಇನ್ನೂ ಹಿಂದೆ, 1933ರ ಏಪ್ರಿಲ್ 1, ಶನಿವಾರ. ಹಿಟ್ಲರ್ ಗದ್ದುಗೆಗೆ ಬಂದು ಎರಡು ತಿಂಗಳಾಗಿದೆ. ಯಹೂದಿ ಅಂಗಡಿಗಳ ಬಾಗಿಲಲ್ಲಿ ಹಿಟ್ಲರ್ ಪಕ್ಷದ ಕಂದು ಅಂಗಿಯವರು ಫಲಕ ಹಿಡಿದು ನಿಂತರು: ಇಲ್ಲಿ ಕೊಳ್ಳಬೇಡಿ. ಒಂದು ದಿನದ ಬಹಿಷ್ಕಾರ. ಅವತ್ತು ಕೆಲವರು ಆ ಗಂಡಾಳುಗಳನ್ನು ಸರಿಸಿಕೊಂಡು ಒಳಗೆ ಹೋಗಿ ಎಂದಿನಂತೆ ಸಾಮಾನು ಕೊಂಡರು. ಹೋದವರಿಗೆ ಬೈಗುಳ ಬಿತ್ತು, ಕೆಲವರ ಹೆಸರು ಬರೆದುಕೊಂಡರು, ಫೋಟೊ ತೆಗೆದರು. ಅಷ್ಟೇ. ಅವತ್ತಿನ ಬೆಲೆ ಅಷ್ಟೇ ಇತ್ತು.

ಹೋಗದವರು ಬಹಳ ಮಂದಿ. ಒಂದು ದಿನದ ಮಾತು, ಯಾಕೆ ಸುಮ್ಮನೆ ಜಗಳ ಅಂದುಕೊಂಡರು. ಆರು ದಿನ ಕಳೆಯುವಷ್ಟರಲ್ಲಿ, ಏಪ್ರಿಲ್ 7ಕ್ಕೆ, ಸರಕಾರಿ ನೌಕರಿಯಿಂದ ಯಹೂದಿಗಳನ್ನು ತೆಗೆಯುವ ಕಾನೂನು ಬಂತು. ಶಿಕ್ಷಕಿಯಾಗಿ ನನ್ನನ್ನು ಹೆಚ್ಚು ಕಾಡುವ ದಿನ ಇದೇ. ಎಷ್ಟೋ ಶಾಲೆಗಳ ಸ್ಟಾಫ್ ರೂಮಿನಲ್ಲಿ ಒಂದು ಕುರ್ಚಿ ಖಾಲಿಯಾಯಿತು. ಉಳಿದವರು ಹಾಜರಿ ಪುಸ್ತಕಕ್ಕೆ ಸಹಿ ಮಾಡಿ ತರಗತಿಗೆ ಹೋದರು. ಖಾಲಿಯಾದ ಜಾಗಕ್ಕೆ ಮತ್ತೊಬ್ಬರು ಬಂದರು, ಬಂದವರಿಗೆ ಸಂಬಳವೂ ಬಂತು. ಆಗ ಜರ್ಮನಿಯಲ್ಲಿದ್ದ ಯಹೂದಿಗಳು ಸುಮಾರು 5 ಲಕ್ಷ, ನೂರರಲ್ಲಿ ಒಬ್ಬರಿಗಿಂತ ಕಡಿಮೆ. ಹಾಗಂತ ದೇಶವೆಲ್ಲ ಹಿಟ್ಲರ್ ಹಿಂದೆ ಇತ್ತು ಎಂಬುದೂ ಸುಳ್ಳು. 1932ರ ಜುಲೈ ಚುನಾವಣೆಯಲ್ಲಿ ಅವನ ಪಕ್ಷಕ್ಕೆ ಬಿದ್ದ ಮತ 37 ಪ್ರತಿಶತ, ನವೆಂಬರ್ ಹೊತ್ತಿಗೆ ಅದು 33ಕ್ಕೆ ಇಳಿದಿತ್ತು. ಅವನನ್ನು ಬಯಸದ ಜನವೇ ಹೆಚ್ಚಿದ್ದ ದೇಶದಲ್ಲಿ ಆ ಒಂದು ಶನಿವಾರ ಅಂಗಡಿಗೆ ಹೋಗುವವರು ಇನ್ನಷ್ಟು ಮಂದಿ ಇರಬೇಕಿತ್ತು.

ಈ ಪಾಠದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಸುಮ್ಮನೆ ನೋಡಿದವರ ಹೊಣೆ ಕಡೆಯ ದಿನದ ಹೊಣೆಯಲ್ಲ, ಮೊದಲ ದಿನದ ಹೊಣೆ. 1933ರಲ್ಲಿ ಒಂದು ಬೈಗುಳಕ್ಕೆ ಮುಗಿಯುತ್ತಿದ್ದದ್ದು 1942ಕ್ಕೆ ಪ್ರಾಣ ಕೇಳಿತು. ಬೆಲೆ ಏರುತ್ತ ಹೋದದ್ದು ತಾನಾಗಿ ಅಲ್ಲ, ಒಂದೊಂದು ಮೆಟ್ಟಿಲಲ್ಲೂ ಯಾರೂ ಅಡ್ಡ ಬರಲಿಲ್ಲ ಎಂದು ನೋಡಿಕೊಂಡೇ ಅವರು ಮುಂದಿನ ಮೆಟ್ಟಿಲಿಗೆ ಕಾಲಿಟ್ಟರು. ಹಾಗಾಗಿ ಶಾಲೆಯಲ್ಲಿ 1933ಕ್ಕೆ ಸಿಗುವ ಹೊತ್ತು 1945ಕ್ಕಿಂತ ಹೆಚ್ಚಾಗಬೇಕು.

ಅಡ್ಡ ಬಂದಾಗ ಏನಾಯಿತು ಎಂಬುದಕ್ಕೂ ದಾಖಲೆ ಇದೆ. ಅಂಗವಿಕಲರನ್ನು, ಮಾನಸಿಕ ರೋಗಿಗಳನ್ನು ಕೊಲ್ಲುವ ಗುಪ್ತ ಕಾರ್ಯಕ್ರಮದಲ್ಲಿ 70,000ಕ್ಕೂ ಹೆಚ್ಚು ಜನ ಸತ್ತ ಮೇಲೆ, 1941ರ ಆಗಸ್ಟ್‌ನಲ್ಲಿ ಮ್ಯೂನ್‌ಸ್ಟರ್‌ನ ಬಿಷಪ್ ಫಾನ್ ಗಾಲೆನ್ ಇಗರ್ಜಿಯಲ್ಲಿ ನಿಂತು ಇದು ಕೊಲೆ ಎಂದು ಬಹಿರಂಗವಾಗಿ ಹೇಳಿದರು. ಅದೇ ತಿಂಗಳು ಹಿಟ್ಲರ್ ಆ ಕಾರ್ಯಕ್ರಮವನ್ನು ಅಧಿಕೃತವಾಗಿ ನಿಲ್ಲಿಸಿದ. ಕದ್ದುಮುಚ್ಚಿ ಕೊಲೆ ಮುಂದುವರಿಯಿತು, ಆದರೂ ಆ ಸರಕಾರಕ್ಕೆ ಜನರ ಮುಖ ನೋಡುವ ಅಗತ್ಯ ಇತ್ತು ಎಂಬುದು ಸಾಬೀತಾಯಿತು. ಅದೇ ಬಿಷಪ್ ಯಹೂದಿಗಳಿಗಾಗಿ ಅಂಥ ಉಪದೇಶ ಮಾಡಲಿಲ್ಲ, ಇದನ್ನೂ ಮಕ್ಕಳಿಗೆ ಹೇಳುತ್ತೇನೆ. 1943ರ ಅಕ್ಟೋಬರ್‌ನಲ್ಲಿ ಡೆನ್ಮಾರ್ಕ್‌ನ ಜನ ಸುಮಾರು 7,200 ಯಹೂದಿಗಳನ್ನು ದೋಣಿಗಳಲ್ಲಿ ಸ್ವೀಡನ್‌ಗೆ ದಾಟಿಸಿದರು. ಯಹೂದಿಗಳನ್ನು ಹಿಡಿಯಲು ಬರುತ್ತಾರೆಂಬ ಸುದ್ದಿ ಮೊದಲೇ ತಿಳಿಸಿದವನು ಡುಕ್‌ವಿಟ್ಸ್ ಎಂಬ ಜರ್ಮನ್ ಅಧಿಕಾರಿ. ದೋಣಿಯವರು ರೊಕ್ಕ ತೆಗೆದುಕೊಂಡರು, ಕೆಲವರು ಬಹಳವೇ ತೆಗೆದುಕೊಂಡರು. ಇದನ್ನು ಮುಚ್ಚಿಡಬಾರದು. ಒಬ್ಬರ ಜೀವ ಉಳಿಸಲು ದೇವಮಾನವರಾಗಬೇಕಿಲ್ಲ ಎಂಬುದು ಹುಡುಗರಿಗೆ ತಿಳಿಯಬೇಕು.

ನೋಡುತ್ತ ನಿಂತವರಿಗೂ ಕೊಂದವರಿಗೂ ನಡುವೆ ಇನ್ನೊಂದು ದೊಡ್ಡ ಗುಂಪು ಇದೆ, ತಮ್ಮ ಕೆಲಸ ತಾವು ಮಾಡಿದವರು. ಜನರನ್ನು ಶಿಬಿರಗಳಿಗೆ ಸಾಗಿಸಿದ ರೈಲುಗಳಿಗೆ ಜರ್ಮನ್ ರೈಲ್ವೆ ಟಿಕೆಟ್ ಲೆಕ್ಕ ಹಾಕಿ ರೊಕ್ಕ ವಸೂಲಿ ಮಾಡುತ್ತಿತ್ತು. ಮೂರನೇ ದರ್ಜೆ, ಹೋಗಲು ಮಾತ್ರ. 10 ವರ್ಷದೊಳಗಿನ ಮಕ್ಕಳಿಗೆ ಅರ್ಧ ದರ, 4 ವರ್ಷದೊಳಗಿನವರಿಗೆ ಪುಕ್ಕಟೆ. ಇದನ್ನು ಹೇಳಿದಾಗ, ದಿನಾ ಬಸ್ಸಿನಲ್ಲಿ ಬರುವ ಒಬ್ಬ ಹುಡುಗ ಮೆಲ್ಲಗೆ "ಹಾಫ್ ಟಿಕೆಟ್ ಹರದಾರ್ರಿ?" ಎಂದ. ಹೌದು. ಯಾರೋ ಒಬ್ಬ ಗುಮಾಸ್ತ ಕೂತು ಮಕ್ಕಳನ್ನು ಎಣಿಸಿ ಅರ್ಧ ಟಿಕೆಟ್ ಲೆಕ್ಕ ಹಾಕಿದ್ದಾನೆ, ಲೆಕ್ಕ ತಪ್ಪಬಾರದೆಂದು ಇನ್ನೊಮ್ಮೆ ಕೂಡಿಸಿಯೂ ಇರಬೇಕು.

ನೋಡುತ್ತ ನಿಂತದ್ದು ಜನ ಮಾತ್ರ ಅಲ್ಲ, ದೇಶಗಳೂ. 1938ರ ಜುಲೈನಲ್ಲಿ 32 ದೇಶಗಳು ಫ್ರಾನ್ಸ್‌ನ ಎವಿಯಾನ್‌ನಲ್ಲಿ ಸೇರಿ ಯಹೂದಿ ನಿರಾಶ್ರಿತರ ಬಗ್ಗೆ ಮಾತಾಡಿದವು, ಬಹುತೇಕ ಯಾರೂ ಬಾಗಿಲು ತೆಗೆಯಲಿಲ್ಲ. 1939ರಲ್ಲಿ, ಜರ್ಮನಿಯಿಂದ ಓಡಿ ಬಂದ ಯಹೂದಿಗಳೇ ಹೆಚ್ಚಿದ್ದ, 937 ಪ್ರಯಾಣಿಕರ ಸೇಂಟ್ ಲೂಯಿಸ್ ಹಡಗನ್ನು ಕ್ಯೂಬಾ ತಿರುಗಿಸಿತು, ಅಮೆರಿಕವೂ ಇಳಿಸಿಕೊಳ್ಳಲಿಲ್ಲ. ಯುರೋಪಿಗೆ ಮರಳಿದವರಲ್ಲಿ 254 ಜನ ಮುಂದೆ ಸತ್ತರು. ಆರ್.ಎಚ್. ಕ್ಯಾಂಪಿನ ಹುಡುಗ ಅವತ್ತು, ತಮ್ಮ ಅಜ್ಜ ರೈಲು ಹತ್ತಿದಾಗ ಎಲ್ಲಿಗೆ ಹೋಗುತ್ತೇವೆ ಎಂಬುದೇ ಗೊತ್ತಿರಲಿಲ್ಲವಂತೆ, "ಆದ್ರ ಇಲ್ಲಿ ಇಳಿಸ್ಕೊಂಡ್ರು" ಎಂದ. ನಮ್ಮ ದೇಶಕ್ಕೂ ಕೆಲವು ಯಹೂದಿಗಳು ಓಡಿ ಬಂದಿದ್ದರು. 1934ರಲ್ಲಿ ಮುಂಬಯಿಗೆ ಬಂದ ವಾಲ್ಟರ್ ಕಾಫ್‌ಮನ್ ಅವರಲ್ಲೊಬ್ಬರು. ಬೆಳಗ್ಗೆ ಆಕಾಶವಾಣಿ ಶುರುವಾಗುವಾಗ ಬರುವ ಆ ರಾಗ ಅವರದು ಎಂದೇ ಹೆಸರು. ಮೊಬೈಲಿನಲ್ಲಿ ಕೇಳಿಸಿದೆ. ಮಕ್ಕಳಲ್ಲಿ ಎಷ್ಟೋ ಜನರಿಗೆ ಅಜ್ಜನ ಮನೆಯ ನೆನಪಾಯಿತು.

ಇಂಥ ಪಾಠಕ್ಕೆ ಕೆಲವರು ಚಟುವಟಿಕೆ ಮಾಡಿಸುತ್ತಾರೆ, ಅರ್ಧ ತರಗತಿಗೆ, ಆಗ ಯಹೂದಿಗಳು ಗುರುತಿಗೆ ಧರಿಸಬೇಕಿದ್ದಂಥ ಹಳದಿ ನಕ್ಷತ್ರ ಅಂಟಿಸಿ ಉಳಿದರ್ಧ ಅವರನ್ನು ದೂರ ಇಡುವ ಆಟ. ನಾನು ಮಾಡಿಸುವುದಿಲ್ಲ. ನನ್ನ ತರಗತಿಯಲ್ಲಿ ಕೆಲವರಿಗೆ ಅದು ಆಟವಲ್ಲ. ದೂರ ನಿಲ್ಲುವುದು ಹೇಗಿರುತ್ತದೆ ಎಂದು ಅವರಿಗೆ ಕಲಿಸಬೇಕಾಗಿಲ್ಲ, ಉಳಿದವರಿಗೆ ಕಲಿಸಲು ಅವರನ್ನು ಬಳಸುವ ಹಕ್ಕು ನನಗಿಲ್ಲ.

ಆದರೆ ಬಹಿಷ್ಕಾರ ಎಂದಾಗ ತರಗತಿಯಲ್ಲಿ ನಮ್ಮ ಊರುಗಳ ಮಾತು ಬಂದೇ ಬರುತ್ತದೆ. ಅಂಗಡಿಯವರು ಸಾಮಾನು ಕೊಡಬಾರದು, ಕೂಲಿಗೆ ಕರೆಯಬಾರದು, ಕ್ಷೌರ ಮಾಡಬಾರದು, ಮಾತಾಡಿಸಿದವರಿಗೆ ದಂಡ. ಹಿರಿಯರು ಕಟ್ಟೆಯಲ್ಲಿ ಕೂತು ತೀರ್ಮಾನಿಸಿದ್ದನ್ನು ಮಕ್ಕಳು ನೋಡಿಯೇ ಬೆಳೆದಿದ್ದಾರೆ. ಪಕ್ಕದ ಗಂಗಾವತಿ ತಾಲ್ಲೂಕಿನ ಮರಕುಂಬಿಯಲ್ಲಿ 2014ರ ಆಗಸ್ಟ್‌ನಲ್ಲಿ ದಲಿತರ ಗುಡಿಸಲುಗಳಿಗೆ ಬೆಂಕಿ ಬಿದ್ದದ್ದು, 2024ರ ಅಕ್ಟೋಬರ್‌ನಲ್ಲಿ ಕೊಪ್ಪಳದ ಸೆಷನ್ಸ್ ನ್ಯಾಯಾಲಯ 98 ಜನರಿಗೆ ಜೀವಾವಧಿ ಶಿಕ್ಷೆ ಕೊಟ್ಟದ್ದು, ಆಮೇಲೆ ಪ್ರಕರಣ ಹೈಕೋರ್ಟಿಗೆ ಹೋದದ್ದು ಎಲ್ಲ ಅವರಿಗೆ ಗೊತ್ತು. ಎರಡನ್ನೂ ಒಂದೇ ಎನ್ನಬೇಡಿ ಎಂದು ಖಡಾಖಂಡಿತ ಹೇಳುತ್ತೇನೆ. ಒಂದು ಸರಕಾರ ಒಂದು ಜನಾಂಗವನ್ನೇ ಇಲ್ಲವಾಗಿಸಲು ಕಾನೂನು, ರೈಲು, ಕಾರ್ಖಾನೆ ಎಲ್ಲ ಹೂಡಿದ್ದು ಬೇರೆಯೇ ಸಂಗತಿ. ನಮ್ಮಲ್ಲಿ ಕಾನೂನು ನೊಂದವರ ಕಡೆಗಿದೆ. ಅಸ್ಪೃಶ್ಯತೆ ನಿಷೇಧಿಸುವ ಸಂವಿಧಾನದ 17ನೇ ವಿಧಿ ಇದೆ, 1989ರ ದೌರ್ಜನ್ಯ ತಡೆ ಕಾಯ್ದೆ ಇದೆ, 2015ರ ತಿದ್ದುಪಡಿಯ ನಂತರ ದಲಿತರ ಮೇಲೆ ಸಾಮಾಜಿಕ, ಆರ್ಥಿಕ ಬಹಿಷ್ಕಾರ ಹಾಕುವುದು ಸ್ಪಷ್ಟವಾಗಿ ಅಪರಾಧ. ಕರ್ತವ್ಯ ಬೇಕೆಂದೇ ಮರೆತ ಸರಕಾರಿ ನೌಕರನಿಗೂ ಅದರಲ್ಲಿ ಶಿಕ್ಷೆ ಇದೆ. ಒಂದೇ ತೆರನಾಗಿರುವುದು ಸುತ್ತ ನಿಂತವರ ಜಾಗ. ಕಾನೂನು ಎಷ್ಟೇ ಇದ್ದರೂ ಸಾಕ್ಷಿ ಹೇಳಲು ಊರಿನವರೇ ಬರಬೇಕು.

ಕಳೆದ ವರ್ಷ ಮಕ್ಕಳಿಗೆ ಮನೆಕೆಲಸ ಕೊಟ್ಟೆ: ಊರು ಯಾರನ್ನಾದರೂ ದೂರ ಇಟ್ಟಾಗ ಮಾತು ಮೀರಿ ಹೋದವರು ಯಾರಾದರೂ ಇದ್ದರಾ, ಹಿರಿಯರನ್ನು ಕೇಳಿಕೊಂಡು ಬನ್ನಿ, ಊರಿನ ಹೆಸರು, ಮಂದಿಯ ಹೆಸರು ಬರೆಯಬೇಡಿ. ಕಿರಾಣಿ ಅಂಗಡಿಯ ಮನೆಯ ಹುಡುಗಿ ಬರೆದುಕೊಂಡು ಬಂದಿದ್ದಳು. ಹಿಂದೊಮ್ಮೆ ಅವರ ಅಜ್ಜ ಊರಿನ ಮಾತಿಗೆ ಕಟ್ಟುಬಿದ್ದು ಕೇರಿಯವರಿಗೆ ಸಾಮಾನು ನಿಲ್ಲಿಸಿದ್ದರಂತೆ. ಅವರ ಆಯಿ ಮಧ್ಯಾಹ್ನ ಅಜ್ಜ ಮಲಗಿದಾಗ ಹಿತ್ತಲ ಬಾಗಿಲಿನಿಂದ ಎಣ್ಣೆ, ಬೆಲ್ಲ, ಚಹಾಪುಡಿ ಕೊಡುತ್ತಿದ್ದರಂತೆ, ಉದ್ರಿ ವಹಿಯಲ್ಲಿ ಬೇರೆ ಯಾರದೋ ಹೆಸರು ಹಚ್ಚಿ. ಓದಿದಾಗ ಇಡೀ ತರಗತಿ ಚಪ್ಪಾಳೆ ಹೊಡೆಯಿತು. ಕೇರಿಯ ಒಬ್ಬ ಹುಡುಗ ಹೊಡೆಯಲಿಲ್ಲ. "ಮುಂದಿನ ಬಾಗ್ಲಾಗ ಯಾರೂ ಕೊಡ್ಲಿಲ್ಲ ಅಲ್ರಿ?" ಎಂದ. ಅವನ ಮಾತೂ ಖರೆ. ಆಯಿಯ ಧೈರ್ಯ, ಅವನ ಪ್ರಶ್ನೆ ಎರಡನ್ನೂ ಬೋರ್ಡಿನ ಮೇಲೆ ಬರೆದು, ಆ ದಿನದ ಉಳಿದ ಹೊತ್ತು ಅದನ್ನೇ ಚರ್ಚೆ ಮಾಡಿದೆವು.

ಆ ಮನೆಕೆಲಸಕ್ಕೆ ಒಬ್ಬ ಪಾಲಕರು ಸಿಟ್ಟಾಗಿ ಶಾಲೆಗೆ ಬಂದಿದ್ದರು. "ಮೇಡಂರೀ, ಪರೀಕ್ಷಾದಾಗ ಬರೂದು ಹೇಳ್ರಿ ಸಾಕು, ಊರ ಉಸಾಬರಿ ನಿಮಗ್ಯಾಕ್ರಿ?"

"ಪರೀಕ್ಷೆದೂ ಹೇಳ್ತೀನ್ರಿ ಯಜಮಾನ್ರ. ಬರ್ರಿ, ಕೂಡ್ರಿ" ಎಂದು ಲಿಲಾವಿನ ಫೋಟೊ ಕೈಗೆ ಕೊಟ್ಟೆ. ಅದೇನು, ಎಲ್ಲಿಯದು ಎಂದು ವಿವರಿಸಿದೆ. ಬಹಳ ಹೊತ್ತು ನೋಡಿದರು. ಒಪ್ಪಲಿಲ್ಲ. ಮಗನಿಗೆ ಮಾತ್ರ ಶಾಲೆ ಬಿಡಿಸಲಿಲ್ಲ, ಆ ಹುಡುಗನ ಮನೆಕೆಲಸ ಮರುದಿನ ಬಂತು.

ಈ ವರ್ಷಕ್ಕೆ ಒಂದು ಹಾಳೆ ಹೊಸದಾಗಿ ಸೇರಿಸಿದ್ದೇನೆ: 1933ರ ಏಪ್ರಿಲ್ ಮೊದಲ ವಾರ ದಿನದಿನಕ್ಕೆ ಏನಾಯಿತು ಎಂಬುದು, ಸರಳ ಕನ್ನಡದಲ್ಲಿ. ಲೊರ್ರಾಖ್‌ನ ಫೋಟೊಗಳ ಜೊತೆ ಅದನ್ನೂ ಪಿಡಿಎಫ್ ಮಾಡಿಟ್ಟಿದ್ದೇನೆ. ಎರಡು ಪೀರಿಯಡ್ ಸಿಕ್ಕರೆ ಸಾಕು, ಪೋರ್ಷನ್ ಹಿಂದೆ ಬೀಳುವುದಿಲ್ಲ. ಸಮಾಜ ವಿಜ್ಞಾನ ಹೇಳುವ ಗೆಳೆಯ ಗೆಳತಿಯರು ಕೆಳಗೆ ಬರೆದು ತಿಳಿಸಿ, ಕಳಿಸಿಕೊಡುತ್ತೇನೆ.